ಒಂದೇ ಊರಿನವರು ಅಂದುಕೊಂಡು

ಕುವೈತಿಗೆ ಬಂದ ಮೊದಲನೇ ವಾರವೇ ಆಫೀಸಿನಲ್ಲಿ ಬಾಯಿ ಮುಚ್ಚಿಸಿಕೊಂಡೆ. ಚಹಾ ಕುಡಿಯುತ್ತಾ ಕುವೈತಿ ಸಹೋದ್ಯೋಗಿ ಒಬ್ಬಾಕೆಗೆ, 'ಗಲ್ಫ್ ವಾರ್ ಆದಾಗ ನಾನಿನ್ನೂ ಸ್ಕೂಲು, ರೇಡಿಯೋದಲ್ಲಿ ಕೇಳಿದ್ದೆ' ಅಂದೆ. ಮಾತು ಬೆಳೆಸೋಣ ಅಂತ ಅಂದದ್ದು, ಅಷ್ಟೇ. ಆಕೆ ಲೋಟ ಕೆಳಗಿಟ್ಟರು. 'ಹಾಗನ್ನೋದು ಟಿವಿಯವರು. ನಮಗೆ ಅದು ಘಜು' ಅಂದರು. ಘಜು ಅಂದರೆ ದಂಡೆತ್ತಿ ಬಂದು ದೇಶದೊಳಗೆ ನುಗ್ಗುವುದು. ಸುತ್ತ ಕೂತಿದ್ದ ಮಲಯಾಳಿಗಳು, ಈಜಿಪ್ಟಿನವರು ಎಲ್ಲರೂ ಕಂಪ್ಯೂಟರ್ ಕಡೆ ಮುಖ ತಿರುಗಿಸಿಕೊಂಡರು. ಆವತ್ತಿನಿಂದ ನಾನು ತಪ್ಪಿಯೂ ಆ ಇನ್ನೊಂದು ಹೆಸರೆತ್ತಿಲ್ಲ. ಇಲ್ಲಿ ಇರುವುದಕ್ಕೆ ಬೇಕಾದ ಇಕಾಮಾ ಕೊಟ್ಟಿರುವುದು ಅವರ ದೇಶ ತಾನೇ?

ನಾವು ಮೈಸೂರಿನ ಕಡೆಯವರು. ಯಜಮಾನರಿಗೆ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಕೆಲಸ, ನನಗೆ ಕಟ್ಟಡಗಳ ನಕ್ಷೆ ಮಾಡುವ ಕಂಪನಿಯಲ್ಲಿ. ಮನೆ ಎಗೈಲಾದಲ್ಲಿ. ಊರಲ್ಲಾದರೆ ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಹೊತ್ತಿಗೆ ಅಕ್ಕಪಕ್ಕದವರು ಬಂದು, ಯಾವ ಕಡೆಯವರು, ಎಷ್ಟು ಮಕ್ಕಳು ಅಂತ ನಮ್ಮ ಜಾತಕವನ್ನೇ ಜಾಲಾಡಿಬಿಡುತ್ತಾರೆ. ಆಗೆಲ್ಲ ಅದು ಕಿರಿಕಿರಿ ಅನ್ನಿಸುತ್ತಿತ್ತು. ಇಲ್ಲಿ ತಿಂಗಳುಗಟ್ಟಲೆ ನನಗೆ ಕಂಡದ್ದು ಮುಚ್ಚಿದ ಬಾಗಿಲುಗಳು. ಮಗಳನ್ನು ಕನ್ನಡದಲ್ಲಿ ಕರೆದರೆ 'ಕಮಿಂಗ್' ಅನ್ನುತ್ತಾಳೆ. ಅದೂ ಮಾತೇ, ಆದರೆ ಹೊಟ್ಟೆ ತುಂಬುವುದಿಲ್ಲ.

ಜ್ವರ ಬಂದು ಮಲಗಿದ್ದ ಒಂದು ದಿನ ಪಕ್ಕದ ಮನೆಯ ಆಮ್ರಾ ಸೂಪಿನ ಪಾತ್ರೆ ಹಿಡಿದು ಬಂದಳು. 'ಮಾಂಸ ಹಾಕಿಲ್ಲ, ಹೆದರಬೇಡ' ಅಂದಳು. ಐವತ್ತು ದಾಟಿದ ಹೆಂಗಸು, ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಊರು ಬೋಸ್ನಿಯಾ. ಹಿಂದೆ ಯುಗೊಸ್ಲಾವಿಯಾ ಅಂತ ಒಂದು ದೇಶವಿತ್ತಲ್ಲ, ಅದು ಒಡೆದು ಆದ ದೇಶಗಳಲ್ಲಿ ಒಂದು. ನನ್ನಿಂದ 'ಊಟ ಆಯ್ತಾ' ಅನ್ನುವುದನ್ನು ಕಲಿತು ದಿನಾ ಲಿಫ್ಟಿನ ಹತ್ತಿರ ಕೇಳುತ್ತಿದ್ದಳು. ನನಗೆ ಕುವೈತಿನಲ್ಲಿ ಇದ್ದ ಒಬ್ಬಳೇ ಗೆಳತಿ ಅವಳು. ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಹೊರದೇಶದ ಕನ್ನಡಿಗರ ಚಟ ನಿಮಗೆ ಗೊತ್ತಲ್ಲ. ಅಂಗಡಿಯಲ್ಲಿ ಯಾರೋ 'ಎಷ್ಟಮ್ಮಾ ಇದು' ಅಂದರೆ ಸಾಕು, ಟ್ರಾಲಿ ಬಿಟ್ಟು ಓಡುತ್ತೇವೆ. ಅಬು ಹಲೀಫಾದ ದಿನಸಿ ಅಂಗಡಿಯ ಬ್ಯಾರಿ ಕಾಕಾ ಮಂಗಳೂರಿನ ಆಚೆಯವರು. ಊರಲ್ಲಾಗಿದ್ದರೆ ಅವರಿಗೂ ನಮಗೂ ಏನು ಸಂಬಂಧ? ಇಲ್ಲಿ ಅವರು ನಮ್ಮೂರಿನವರು. ಹಾಗಾಗಿ ನಮ್ಮ ಸೆಕ್ಷನ್ನಿಗೆ ಹೊಸ ಹೆಡ್ ಆಗಿ ಬಂದ ಜೋರಾನ್ ಸರ್ಬಿಯಾದವರು, ಅದೂ ಆ ಒಡೆದ ದೇಶದ್ದೇ ತುಂಡು, ಅಂತ ತಿಳಿದ ತಕ್ಷಣ ನನಗೆ ಹೊಳೆದದ್ದು ಒಂದೇ: ಅಯ್ಯೋ, ಆಮ್ರಾಗೆ ಊರಿನವರು ಸಿಕ್ಕರು!

ಇಲ್ಲಿ ಹಬ್ಬಗಳೆಲ್ಲ ಶುಕ್ರವಾರಕ್ಕೇ ಬರುತ್ತವೆ, ರಜೆ ಆವತ್ತೇ ಇರುವುದರಿಂದ. ಹಾಗೆ ಮುಂದೂಡಿದ ಯುಗಾದಿಗೆ ಇಬ್ಬರನ್ನೂ ಕರೆದೆ. ಒಬ್ಬರಿಗೆ ಇನ್ನೊಬ್ಬರು ಬರುವ ವಿಷಯ ಹೇಳಲಿಲ್ಲ. ಖುಷಿಯಾಗಲಿ ಅಂತ! ಬಾಗಿಲಲ್ಲೇ ನಿಲ್ಲಿಸಿ, 'ಇಬ್ಬರೂ ಒಂದೇ ಊರಿನವರು' ಅಂದು ಬೇವುಬೆಲ್ಲ ಕೊಟ್ಟೆ. ಆಮ್ರಾಳ ಮುಖ ಸಣ್ಣಗಾದದ್ದನ್ನು ಬೇವಿನ ಕಹಿ ಅಂದುಕೊಂಡೆ.

ಹೋಳಿಗೆ ಬಡಿಸುವವರೆಗೆ ಎಲ್ಲ ಸರಿಯಿತ್ತು. ಯಜಮಾನರು ಸುಮ್ಮನಿರಲಾರದೆ, 'ನಿಮ್ಮ ದೇಶ ಒಡೆದದ್ದು ಯಾಕೆ?' ಅಂದರು.

'ಅಂತರ್ಯುದ್ಧ' ಅಂದರು ಜೋರಾನ್. 'ಎಲ್ಲರೂ ಎಲ್ಲರನ್ನೂ ಕೊಂದರು. ಹುಚ್ಚು ಹಿಡಿದಿತ್ತು.'

ಆಮ್ರಾ ಚಮಚ ಕೆಳಗಿಟ್ಟಳು. 'ಅಂತರ್ಯುದ್ಧ ಅಲ್ಲ. ಗುಡ್ಡದ ಮೇಲಿಂದ ನಿಮ್ಮವರು ನಮ್ಮ ಬೀದಿಗೆ ಗುಂಡು ಹಾರಿಸಿದರು. ನಾವು ಯಾರ ಬೀದಿಗೂ ಹೋಗಿರಲಿಲ್ಲ. ಅದು ದಾಳಿ.'

'ಸಿನಿಮಾದವರು ಹಾಗೇ ತೋರಿಸ್ತಾರೆ. ರಾಕ್ಷಸರು ನಾವು ಮಾತ್ರ.'

'ನನ್ನ ತಮ್ಮ ಸಿನಿಮಾದಲ್ಲಿ ಸತ್ತದ್ದಲ್ಲ' ಅಂದಳು ಆಮ್ರಾ.

ತಮ್ಮ ಇದ್ದ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಎರಡು ವರ್ಷದ ಗೆಳೆತನದಲ್ಲಿ ನನ್ನ ಅಕ್ಕ, ನಾದಿನಿ, ನಾದಿನಿಯ ಗಂಡ ಎಲ್ಲರ ಪುರಾಣ ಅವಳಿಗೆ ಒಪ್ಪಿಸಿದ್ದೆ. ಅವಳ ಮನೆಯವರನ್ನು ಕೇಳಿರಲಿಲ್ಲ. ಆಗಲಾದರೂ ಸುಮ್ಮನಿರಬೇಕಿತ್ತು. ಹಬ್ಬದ ದಿನ, ಮನೆಯೊಡತಿ, ಪಂಚಾಯಿತಿ ಮಾಡಲೇಬೇಕಲ್ಲ!

'ಬಿಡಿ, ಹಳೇದು' ಅಂತ ನಕ್ಕೆ. 'ನಮ್ಮಲ್ಲೂ ದಾಯಾದಿ ಜಗಳ ಇರುತ್ತೆ. ನಮ್ಮಪ್ಪ, ದೊಡ್ಡಪ್ಪ ಪಾಲಾಗುವಾಗ ಕೈ ಕೈ ಮಿಲಾಯಿಸಿದ್ದರು. ಇಬ್ಬರದೂ ತಪ್ಪಿತ್ತು. ಈಗ ಮದುವೆ ಮುಂಜಿಗೆ ಹೋಗಿ ಬಂದು ಮಾಡ್ತೀವಿ.'

ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಆಮ್ರಾ ಕೂಗಾಡಲಿಲ್ಲ. 'ಸುಮಾ, ನಿನ್ನ ಆಫೀಸಿನ ಆ ಕುವೈತಿ ಹೆಂಗಸಿನ ಮುಂದೆ ಘಜುವನ್ನ ಅಣ್ಣತಮ್ಮಂದಿರ ಜಗಳ ಅಂತೀಯಾ?' ಅಂತ ಕೇಳಿದಳು. ಮೊದಲ ವಾರದ ಆ ಪೇಚಾಟವನ್ನು ನಾನೇ ನಗುತ್ತಾ ಅವಳಿಗೆ ಹೇಳಿದ್ದೆ. ಉತ್ತರಕ್ಕೆ ಕಾಯದೆ ಎದ್ದಳು. ಊಟ ಚೆನ್ನಾಗಿತ್ತು ಅಂದು ಹೋದಳು.

ಭಾನುವಾರ ಆಫೀಸಿನಲ್ಲಿ ಜೋರಾನ್ ನನ್ನ ಟೇಬಲ್ಲಿಗೇ ಬಂದರು. 'ಥ್ಯಾಂಕ್ಸ್. ಇಬ್ಬರದೂ ತಪ್ಪು ಅಂತ ನೀವಾದರೂ ಹೇಳಿದ್ರಿ' ಅಂದರು. ಯಾರ ಕಡೆಗೂ ವಾಲದೆ ಮಾತಾಡಿದೆ ಅಂದುಕೊಂಡಿದ್ದೆ ನಾನು. ಅವರು ಅದನ್ನು ತಮ್ಮ ಪರ ಸಾಕ್ಷಿ ಅಂತ ಜೇಬಿಗೆ ಹಾಕಿಕೊಂಡಿದ್ದರು. ನಾನೇನು ಮಾಡಿದೆ? ತಲೆಯಾಡಿಸಿದೆ. ನಕ್ಕೆ ಕೂಡ. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತಿದೆ.

ಸಂಜೆ ಆಮ್ರಾಳ ಮನೆಗೆ ಬರಿಗೈಯಲ್ಲಿ ಹೋದೆ. ಹೋಳಿಗೆ ಹಿಡಿದು ಹೋಗುವ ಮುಖವಿರಲಿಲ್ಲ. ತಪ್ಪಾಯಿತು ಅಂದೆ. ಅವಳು ತಮ್ಮನ ವಿಷಯ ಹೇಳಿದಳು. ಕಾಲೇಜು ಹುಡುಗ, ನೀರು ತರಲು ಹೋದವನು. ಅವನ ಮೂಳೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲಂತೆ. ಹೇಳಿ ಮುಗಿಸಿ ನನ್ನ ಮುಂದೆ ಕಾಫಿ ಇಟ್ಟಳು.

'ನನ್ನ ಹತ್ತಿರ ತಪ್ಪಾಯಿತು ಅಂದೆಯಲ್ಲ, ಅದನ್ನ ಆ ಜೋರಾನ್ ಹತ್ತಿರವೂ ಹೇಳ್ತೀಯಾ?'

'ಅವರು ನನ್ನ ಹೆಡ್, ಆಮ್ರಾ.'

'ಗೊತ್ತು' ಅಂದಳು. 'ಕಾಫಿ ಆರುತ್ತೆ, ಕುಡಿ.'

ಕುವೈತಿನವರ ನೋವಿಗೆ ಸರಿಯಾದ ಹೆಸರನ್ನು ಒಂದೇ ಸಲಕ್ಕೆ ಕಲಿತವಳು ನಾನು. ಆಮ್ರಾಗೆ ಇಕಾಮಾ ಕೊಡುವ ಅಧಿಕಾರವಿಲ್ಲ, ನನಗೆ ಸೂಪು ಕೊಟ್ಟಳು, ಅಷ್ಟೇ. ಆ ರಾತ್ರಿ ಯಜಮಾನರಿಗೆ ಇದನ್ನೆಲ್ಲ ಹೇಳಿದರೆ, 'ನಮಗ್ಯಾಕೆ ಬೇಕಿತ್ತು ಬೇರೆಯವರ ಉಸಾಬರಿ' ಅಂದರು. 'ಉಸಾಬರಿ ನಾವೇ ಮಾಡಿದ್ದಲ್ವೇನ್ರೀ?' ಅಂತ ರೇಗಿದೆ.

ಜೋರಾನ್ ಎದುರು ಬಾಯಿ ಬಿಡಲು ನನಗೆ ಒಂದು ವಾರ ಹಿಡಿಯಿತು. 'ಆವತ್ತು ನಾನು ಹೇಳಿದ್ದು ತಪ್ಪು. ಅವಳ ಊರ ಮೇಲೆ ಬಿದ್ದದ್ದು ದಾಳಿ. ದಾಯಾದಿ ಜಗಳ ಅಲ್ಲ' ಅಂದೆ. ಅವರು ಕೈಯಲ್ಲಿದ್ದ ನಕ್ಷೆ ಮಡಚಿಟ್ಟರು. 'ನನ್ನ ಅಪ್ಪನೂ ಆಗಲೇ ಸತ್ತದ್ದು. ಅದನ್ನೂ ನೀವು ಕೇಳಲಿಲ್ಲ' ಅಂದರು.

ಆಡಿದ ಮಾತನ್ನು ನಾನು ಹಿಂದೆ ತೆಗೆದುಕೊಳ್ಳಲಿಲ್ಲ. ಆದರೆ ಅವರು ಅಂದದ್ದೂ ನಿಜ. ಇಬ್ಬರನ್ನು ಮನೆಗೆ ಕರೆದು, ಇಬ್ಬರ ಮನೆಯ ಸಾವನ್ನೂ ಕೇಳದೆ ಹೋಳಿಗೆಗೆ ತುಪ್ಪ ಹಾಕಿದ ಮಹಾತಾಯಿ ನಾನು.

ಜೋರಾನ್ ಈಗ ಕೆಲಸಕ್ಕೆಷ್ಟೋ ಅಷ್ಟೇ ಮಾತು. ಅವರಿಗೆ ಹೇಳಿದೆ ಅಂತ ತಿಳಿಸಿದಾಗ ಆಮ್ರಾ ನನ್ನ ಕೈ ಒಮ್ಮೆ ಒತ್ತಿದಳು. ಆದರೆ 'ಊಟ ಆಯ್ತಾ' ಅಂತ ಕೇಳುವುದನ್ನು ಬಿಟ್ಟಿದ್ದಾಳೆ. ರಜೆಗೆ ಮೈಸೂರಿಗೆ ಹೋದರೆ ನೆಂಟರು, 'ಅಷ್ಟು ದೂರದಲ್ಲಿ ನಮ್ಮವರು ಅಂತ ಯಾರಿದ್ದಾರಮ್ಮ?' ಅನ್ನುತ್ತಾರೆ. ಆಮ್ರಾ ಇದ್ದಾಳೆ ಅಂತ ನಾಲಿಗೆ ತುದಿಗೆ ಬರುತ್ತದೆ. ಅವಳನ್ನು ಒಂದು ಮಾತು ಕೇಳದೆ ಹಾಗನ್ನಲು ನಾಚಿಕೆಯಾಗಿ, ಯಾರೂ ಇಲ್ಲ ಅಂದುಬಿಡುತ್ತೇನೆ.