ಏಲಕ್ಕಿ ಮೇಜಿನ ಮೇಲೆ ಬೋಡಿಯಿಂದ ಮಧುರೆಗೆ

ಮಾಮನ ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನಿದ್ದದ್ದನ್ನು ಅವರು ಬದುಕಿರುವಾಗ ನಾನು ನೋಡಿದ್ದು ಒಂದೇ ಸಲ. ಮಾತಾಡುವಾಗ, ಕಾಫಿಗೆ ಕಾಯುವಾಗ, ಸಾವಿನ ಮನೆಯಲ್ಲಿ ಕೂತಿರುವಾಗಲೂ ಆ ಎರಡು ಬೆರಳುಗಳು ಅಲ್ಲಿಲ್ಲದ ಏಲಕ್ಕಿಯೊಂದನ್ನು ಉರುಳಿಸುತ್ತಲೇ ಇರುತ್ತಿದ್ದವು. ತಮಿಳು ಸೀಮೆಯಲ್ಲಿ, ಮಲೆಯ ಬುಡದ ಬೋಡಿ ಊರಿನಲ್ಲಿ ಏಲಕ್ಕಿ ವ್ಯಾಪಾರ ಮಾಡಿ ಪಳಗಿದ ಬೆರಳುಗಳು. ಕಾಯೊಳಗೆ ಬೀಜ ತುಂಬಿದೆಯೋ ಪೊಳ್ಳೋ ಎಂದು ಮುಟ್ಟಿಯೇ ಹೇಳುತ್ತಿದ್ದರು. ಉಗುರಿನ ಸಂದಿ ಸದಾ ಹಸಿರು. ವ್ಯಾಪಾರ ಬಿಟ್ಟ ಮೇಲೆ ಆ ಹಸಿರು ಹೋಗಿ ಕಾವಿ ಬಣ್ಣ ಬಂತು. ಅದು ರೈಲು ಡಬ್ಬಿಗೆ ಬಳಿದ ಬಣ್ಣ.

ಮಾಮ ಎಂದರೆ ನನ್ನ ಅಪ್ಪನ ಅಕ್ಕನ ಗಂಡ. ನಮ್ಮದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವ ಜನ. ಹಟಕ್ಕೆ ಮಾತ್ರ ಎರಡೂ ಭಾಷೆ ಸಾಲದು. ಬೋಡಿಯ ಹಳೆಯ ಸಣ್ಣ ರೈಲನ್ನು ನಿಲ್ಲಿಸಿ, ಹಳಿ ಕಿತ್ತು, ಅಗಲದ ಹಳಿ ಹಾಕುತ್ತೇವೆಂದು ಸರ್ಕಾರದವರು ಹೇಳಿದಾಗ ಊರೆಲ್ಲ ಖುಷಿಪಟ್ಟಿತು. ಮಾಮ ಮಾತ್ರ ನೇರ ಕುಲದೇವರ ಗುಡಿಗೆ ಹೋಗಿ ತೆಂಗಿನಕಾಯಿ ಒಡೆದರು. ವಾರಕ್ಕೊಮ್ಮೆ ಏಲಕ್ಕಿಯ ಸ್ಯಾಂಪಲ್ ಚೀಲ ಹಿಡಿದು ಆ ರೈಲಿನಲ್ಲೇ ಮಧುರೆಗೆ ಹೋಗಿಬರುತ್ತಿದ್ದವರು ಅವರು.

"ಇನ್ನ ಮಧುರೆಗೆ ಓದ್ರೆ ರೈಲ್ನಾಗೇ ಓಗಾದು. ಬಸ್ಸು ಕಾರು ಹತ್ತಿ ಆ ಊರು ಮೆಟ್ಟಾಕಿಲ್ಲ ಸಾಮಿ" ಎಂದು ಎಲ್ಲರೆದುರು ಹರಕೆ ಹೊತ್ತರು.

ಒಂದೆರಡು ವರ್ಷದ ಮಾತು ತಾನೇ ಎಂದುಕೊಂಡೆವು. ರೈಲು ಹತ್ತು ವರ್ಷ ಕಳೆದರೂ ಬರಲಿಲ್ಲ. ನಡುವೆ ಮಧುರೆಯಲ್ಲಿ ನಡೆದ ನೆಂಟರ ಮದುವೆಗಳಿಗೆಲ್ಲ ಅತ್ತೆ ಒಬ್ಬಳೇ ಹೋಗಿ, "ಅವರಿಗೆ ರೈಲು ಸಿಕ್ಕಲಿಲ್ಲ" ಎಂದು ಹೇಳಿ ನಗಿಸಿ ಬರುತ್ತಿದ್ದಳು.

ಬರದ ರೈಲನ್ನು ಮಾಮ ಮನೆಯಲ್ಲೇ ಕಟ್ಟತೊಡಗಿದರು. ಮಹಡಿಯಲ್ಲಿ ಏಲಕ್ಕಿ ಆರಿಸುತ್ತಿದ್ದ ಉದ್ದನೆಯ ಮೇಜು ಖಾಲಿ ಬಿದ್ದಿತ್ತು. ಅದರ ಮೇಲೆ ಈ ತುದಿಗೆ ಬೋಡಿ, ಆ ತುದಿಗೆ ಮಧುರೆ, ನಡುವೆ ತೇನಿ, ಆಂಡಿಪಟ್ಟಿ, ಉಸಿಲಂಪಟ್ಟಿ. ಚೆನ್ನೈಯಿಂದ ತರಿಸಿದ ಕರೆಂಟಿನ ಪುಟ್ಟ ಎಂಜಿನ್ನು. ಡಬ್ಬಿಗಳನ್ನು ರಟ್ಟಿನಲ್ಲಿ ತಾವೇ ಕತ್ತರಿಸಿ ಅಂಟಿಸಿದರು. ಏಲಕ್ಕಿ ಜರಡಿಯಲ್ಲೇ ಮರಳು ಜರಡಿ ಹಿಡಿದು, ಒಂದೇ ಸಮನಾದ ಕಾಳು ಆರಿಸಿ, ಹಳಿಯಡಿಗೆ ಜಲ್ಲಿಯಾಗಿ ಹಾಕಿದರು. ತಾಮ್ರದ ತಂತಿ ತಿರುಚಿ ದ್ರಾಕ್ಷಿ ತೋಟ ಮಾಡಿದರು. ಹಳಿಯ ಹಿಂದೆ ಉದ್ದಕ್ಕೂ ಕಾಗದ ಅರೆದು ಮೆತ್ತಿದ ಮಲೆ.

ನನಗೆ ತೇನಿಯಲ್ಲಿ ಫೋಟೋ ಸ್ಟುಡಿಯೋ. ರೈಲು ಮುಗಿದಾಗ ಕರೆ ಬಂತು. ಹೋದವಳೇ ಸ್ಟೂಲ್ ಹತ್ತಿ ಮೇಜೆಲ್ಲ ಕಾಣುವ ಹಾಗೆ ಕ್ಯಾಮೆರಾ ಹಿಡಿದೆ.

"ಇಳಿ ತಾಯಿ. ಮೇಲಿಂದ ನೋಡಾದು ಕಾಗೆ. ರೈಲಿಗೆ ಕಾಯೋನು ಇಲ್ಲಿಂದ ನೋಡ್ತಾನೆ" ಎಂದು ಮಾಮ ಗಲ್ಲವನ್ನು ಮೇಜಿಗೆ ಊರಿ ತೋರಿಸಿದರು.

ನಾನೂ ಗಲ್ಲ ಊರಿದೆ. ಬೋಡಿ ಪ್ಲಾಟ್‌ಫಾರಂನಲ್ಲಿ ನಿಂತ ಹಾಗೇ ಆಯಿತು. ಎಂಜಿನ್ನು ಆನೆಯಷ್ಟು ದೊಡ್ಡದಾಗಿ ಕಂಡಿತು. ಕ್ಯಾಮೆರಾವನ್ನು ಹಳಿಯ ಪಕ್ಕ ಮಲಗಿಸಿ ಮಧ್ಯಾಹ್ನವೆಲ್ಲ ಫೋಟೋ ತೆಗೆದೆ. ಮಲೆ ಮಾತ್ರ ಏಕೋ ವಿಪರೀತ ನೀಲಿ ಅನ್ನಿಸಿತು. ಸಂಜೆಯ ಮಲೆ ಇರಬೇಕು ಎಂದುಕೊಂಡೆ.

ಪ್ರಿಂಟ್ ಹಾಕಿಸಿ ತಂದುಕೊಟ್ಟ ದಿನ ಗುಟ್ಟು ಬಯಲಾಯಿತು. ಮಾಮ ಫೋಟೋ ಹಿಡಿದು ಅದರ ಮೇಲೆ ಬೆರಳಾಡಿಸಿದರು. ಮತ್ತೆ ಆಡಿಸಿದರು. ನುಣುಪು ಕಾಗದದಲ್ಲಿ ಬೆರಳಿಗೆ ಏನು ಸಿಗಬೇಕು?

"ಚೆನ್ನಾಗದೆ" ಎಂದರು. ಫೋಟೋ ತಲೆಕೆಳಗಾಗಿತ್ತು.

ಅತ್ತೆ ಬಾಗಿಲಿಂದ ಬಂದು ಫೋಟೋವನ್ನು ನೇರ ಮಾಡಿ ಹಿಡಿಸಿದಳು; ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅಷ್ಟು ದಿನ ಅಷ್ಟೂ ಕೆಲಸವನ್ನು ಅವರು ಕೈಯಿಂದಲೇ ಮಾಡಿದ್ದರು. ಅದಕ್ಕೇ ನಮಗ್ಯಾರಿಗೂ ಅನುಮಾನ ಬಂದಿರಲಿಲ್ಲ. ತೇನಿಯ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಇನ್ನು ತಡಮಾಡಿದರೆ ಕಷ್ಟ, ಮಧುರೆಯ ದೊಡ್ಡ ಆಸ್ಪತ್ರೆಗೇ ಹೋಗಬೇಕು ಎಂದರು. ದಿನವನ್ನೂ ಗೊತ್ತು ಮಾಡಿಕೊಟ್ಟರು.

"ರೈಲು ಬರ್ಲಿ, ಓಯ್ತೀನಿ" ಎಂದರು ಮಾಮ.

ಬೈದೆವು, ಕಾಲು ಹಿಡಿದೆವು. ನನಗಂತೂ ಆ ಮೇಜನ್ನೇ ಎತ್ತಿ ಬೀದಿಗೆ ಎಸೆಯುವಷ್ಟು ಸಿಟ್ಟು ಬಂತು. ಮಾಮನ ಬೆರಳುಗಳು ತಮ್ಮ ಪಾಡಿಗೆ ಉರುಳಿಸುತ್ತಿದ್ದವು. "ಸಾಮಿಗೆ ಕೊಟ್ಟ ಮಾತು" ಎಂಬುದೊಂದೇ ಉತ್ತರ.

ದಾರಿ ಕಂಡವಳು ಅತ್ತೆ. ಹೂ ಕಟ್ಟುತ್ತಾ ಕೂತಿದ್ದವಳು ತಲೆ ಎತ್ತದೆ ಕೇಳಿದಳು. "ಕಣ್ಣು ನೋವು ಓದ್ರೆ ಸಾಮಿಗೆ ಏನು ಕೊಡ್ತೀವಿ? ತಗಡಿನ ಕಣ್ಣು. ಸಾಮಿ ಅದನ್ನ ಕಣ್ಣಂತಾನೇ ತಗೊಳ್ತದೆ. ಕೂಸು ಬೇಕಂದ್ರೆ ಅಂಗೈ ಅಗಲದ ತೊಟ್ಲು ಕಟ್ತೀವಿ. ಅದು ತೊಟ್ಲೇ. ರೈಲು ಮಾತ್ರ ದೊಡ್ಡದೇ ಆಗ್ಬೇಕಾ?"

"ನ್ಯಾಯವಾದ ಮಾತು" ಎಂದರು ಮಾಮ. "ಆದ್ರೆ ಯಾರೂ ಕೈ ಹಾಕಬಾರ್ದು. ತಾನೇ ಮಧುರೆ ಸೇರ್ಬೇಕು. ಸೇರಲಿಲ್ಲಾಂದ್ರೆ ಸಾಮಿ ಒಪ್ಪಲಿಲ್ಲಾಂತ ಅರ್ಥ. ಆಮೇಲೆ ನನ್ನ ಕೇಳ್ಬೇಡಿ."

ಸ್ಟುಡಿಯೋದಲ್ಲಿ ಅವರ ಫೋಟೋ ತೆಗೆದು ಬೇಳೆಯಷ್ಟು ಚಿಕ್ಕದಾಗಿ ಪ್ರಿಂಟ್ ಹಾಕಿದೆ. ಅಂಗಿ ಬಿಳಿಯದೇ ಇರಬೇಕೆಂದು ಅಪ್ಪಣೆಯಾಗಿತ್ತು. ಡಾಕ್ಟರು ಹೇಳಿದ ದಿನದ ಹಿಂದಿನ ಮಧ್ಯಾಹ್ನ ಮೊದಲ ಡಬ್ಬಿಯ ಕಿಟಕಿಗೆ ಅದನ್ನು ಅಂಟಿಸಿದೆವು. ಅತ್ತೆ ಬೋಡಿ ಸ್ಟೇಷನ್ನಿಗೆ ಕರ್ಪೂರ ಬೆಳಗಿದಳು. ಮಾಮ ಸ್ವಿಚ್ ಹಾಕಿದರು. ರೈಲು ತೇನಿ ದಾಟಿತು. ಆಂಡಿಪಟ್ಟಿಯ ಸೇತುವೆ ಮೇಲೆ ಹೋಗುತ್ತಿದ್ದಂತೆ ಕರೆಂಟು ಹೋಯಿತು.

ಅತ್ತೆಯ ಕೈ ತಾನಾಗಿ ಮುಂದೆ ಹೋಯಿತು. ಬಳೆಯ ಸದ್ದಿಗೇ ಮಾಮ ತಡೆದರು.

"ಕೈ ಹಾಕ್ಬೇಡ. ನಿಜದ ರೈಲೂ ಅಲ್ಲಿ ನಿಂತಿಲ್ವಾ? ಆವಾಗ ನೀನು ಕಡಲೆಕಾಯಿ ತಿಂತಾ ಕೂತಿರ್ಲಿಲ್ವಾ?"

ಅತ್ತೆ ಕೆಳಗೆ ಹೋಗಿ ಬೇಯಿಸಿದ ಕಡಲೆಕಾಯಿ ತಂದಳು. ಮೂವರೂ ಸಿಪ್ಪೆ ಬಿಡಿಸುತ್ತಾ ಕೂತೆವು. ಬೆಳಿಗ್ಗೆ ಆಸ್ಪತ್ರೆಯಲ್ಲಿರಬೇಕು. ಈ ಮನುಷ್ಯನ ಕಣ್ಣು ಸೇತುವೆ ಮೇಲೆ ನಿಂತುಬಿಟ್ಟಿದೆ. ಮನಸ್ಸಿನಲ್ಲಿ ವಿದ್ಯುತ್ ಇಲಾಖೆಯ ವಂಶವನ್ನೆಲ್ಲ ಬೈದೆ.

ಬಿಸಿಲು ಇಳಿಯುವ ಹೊತ್ತಿಗೆ ಫ್ಯಾನು ತಿರುಗಿತು. ಎಂಜಿನ್ನು ಗುಂಯ್ ಎಂದಿತು, ಆದರೆ ಕದಲಲಿಲ್ಲ. ಆಗಲೇ ನಾನು ನೋಡಿದ್ದು, ಮಾಮನ ಆ ಎರಡು ಬೆರಳುಗಳು ನಿಂತಿದ್ದವು. ಹಟಮಾರಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಅವರಿಗೂ ಕಣ್ಣು ಬೇಕಿತ್ತು.

ಎಂಜಿನ್ನು ಇನ್ನೊಮ್ಮೆ ಗುಂಯ್ ಎಂದು, ಸಣ್ಣಗೆ ನಡುಗಿ, ಹೊರಟಿತು. ಉಸಿಲಂಪಟ್ಟಿ ದಾಟಿತು. ಮಧುರೆಯ ಬೋರ್ಡಿಗೆ ಮೂತಿ ತಾಗಿಸಿ ನಿಂತಿತು. ಮಾಮನಿಗೆ ಅದು ಕಾಣಲಿಲ್ಲ, ಸದ್ದು ನಿಂತದ್ದು ಕೇಳಿತು.

"ಬಂತಾ?"

"ಬಂತು ಮಾಮಾ."

"ಹಂಗಾದ್ರೆ ನಾಳಿಕ್ಕೆ ಕಾರು ಯೋಳು."

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನು ಮೇಜಿಗೆ ಗಲ್ಲ ಊರಿ, ಅತ್ತ ಬೇಳೆಯಷ್ಟು ಮಾಮ, ಇತ್ತ ನಗುತ್ತಿರುವ ದೊಡ್ಡ ಮಾಮ, ಇಬ್ಬರೂ ಬರುವಂತೆ ಒಂದು ಫೋಟೋ ತೆಗೆದೆ. ನನ್ನ ಎದೆ ಅವತ್ತು ಹಗುರಾದಷ್ಟು ಇನ್ಯಾವತ್ತೂ ಆಗಿಲ್ಲ.

ಮಧುರೆಯಲ್ಲಿ ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಆಯಿತು. ಮನೆಗೆ ಬಂದವರೇ ಮಹಡಿ ಹತ್ತಿ, ಮೊದಲು ರೈಲನ್ನು ಮಧುರೆಯಿಂದ ಬೋಡಿಗೆ ಓಡಿಸಿದರು. "ಓದೋನು ತಿರುಗಿ ಬರ್ಬೇಕಲ್ಲ" ಎಂದರು. ಆಮೇಲೆ ಮಲೆ ನೋಡಿ ದಂಗಾದರು.

"ಇದೇನಿದು, ಬಟ್ಟೆಗೆ ಹಾಕೋ ನೀಲಿ ಸುರಿದಂಗದೆ! ಯಾರೂ ಯೋಳಲಿಲ್ವಾ?"

"ಯೋಳಿದ್ರೆ ಕೇಳ್ತಿದ್ರಾ?" ಎಂದಳು ಅತ್ತೆ.

ಎಲ್ಲ ಮಲೆಗೂ ಹೊಸದಾಗಿ ಹಸಿರು ಬಳಿದರು. ಬೋಡಿಯ ಬಳಿ, ತೇವಾರಂ ಊರಿನ ಕಡೆಯ ಒಂದನ್ನು ಮಾತ್ರ ಹಾಗೇ ಬಿಟ್ಟರು. "ಅದು ನಾ ಆವಾಗ ಕಂಡ ಮಲೆ, ಇರ್ಲಿ" ಎಂದರು.

ಮುಂದೆ ನಿಜದ ರೈಲೂ ಬಂತು. ಅತ್ತೆಯ ಜತೆ ಮಧುರೆಗೆ ಹೋಗಿಬಂದು, "ಜಾಸ್ತಿ ಓಡ್ತದೆ. ಯೋಚನೆ ಮಾಡಾಕೆ ಟೈಮೇ ಇಲ್ಲ" ಎಂದು ದೂರಿದರು. ಆದರೆ ಒಂದು ಪದ್ಧತಿ ಹಿಡಿದುಬಿಟ್ಟಿದ್ದರು. ಯಾವ ಊರಿಗೇ ಹೋಗಲಿ, ಹೊರಡುವ ಮುಂಚೆ ಪುಟ್ಟ ರೈಲನ್ನು ಮಧುರೆಗೆ ಕಳಿಸುವರು, ಬಂದ ಮೇಲೆ ಬೋಡಿಗೆ ಕರೆಸಿಕೊಳ್ಳುವರು.

ಕಳೆದ ವರ್ಷ ದಿಂಡುಕ್ಕಲ್ಲಿನ ಮದುವೆಯೊಂದಕ್ಕೆ ಹೋದವರು, ಊಟ ಮುಗಿಸಿ, ವೀಳ್ಯ ಹಾಕಿಕೊಂಡು, ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ನರಳಲಿಲ್ಲ, ಯಾರನ್ನೂ ನರಳಿಸಲಿಲ್ಲ. ವ್ಯಾನಿನಲ್ಲಿ ಮನೆಗೆ ತಂದೆವು. ಬಿಳಿ ಬಟ್ಟೆಯ ಮೇಲೆ ಆ ಬೆರಳುಗಳು ಸುಮ್ಮನಿದ್ದುದನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ.

ಇವತ್ತಿಗೂ ಮಗುವಿನ ಫೋಟೋ ಆಗಲಿ ಮುದುಕಿಯ ಫೋಟೋ ಆಗಲಿ, ಅವರ ಕಣ್ಣಿನ ಮಟ್ಟಕ್ಕೆ ಇಳಿಯದೆ ನಾನು ತೆಗೆಯುವುದಿಲ್ಲ. ತೇನಿಯಲ್ಲಿ ನನ್ನ ಹೆಸರು ಉಳಿದಿರುವುದೇ ಅದರಿಂದ. ಅದು ಅವರು ಕೊಟ್ಟದ್ದು.

ಅವತ್ತು ಚಟ್ಟ ಎತ್ತಲು ಗಂಡಸರು ಬಗ್ಗಿದಾಗ ಅತ್ತೆ ಕೈ ಅಡ್ಡ ಹಿಡಿದಳು. ನನ್ನನ್ನು ಹತ್ತಿರ ಕರೆದು, "ಮೇಲೆ ಒಬ್ರು ಮಧುರೇಲಿ ನಿಂತವ್ರೆ. ಕರ್ಕೊಂಡ್ ಬಾ" ಎಂದಳು.

ಓಡಿ ಮಹಡಿ ಹತ್ತಿ ಸ್ವಿಚ್ ಹಾಕಿದೆ. ಬಿಳಿ ಅಂಗಿಯ ಮಾಮ ಕಿಟಕಿಯಲ್ಲಿ ಕೂತು ಹೊರಟರು. ಆಂಡಿಪಟ್ಟಿಯ ಸೇತುವೆಯ ಮೇಲೆ ಎಂಜಿನ್ನು ತಡವರಿಸಿತು. ನನ್ನ ಕೈ ಮುಂದೆ ಹೋಯಿತು, ಹಿಂದೆ ತೆಗೆದುಕೊಂಡೆ. ರೈಲು ತಾನೇ ಸೇತುವೆ ದಾಟಿ, ತೇನಿ ದಾಟಿ, ಆ ನೀಲಿ ಮಲೆಯ ಮುಂದಾಗಿ ಬೋಡಿಗೆ ಬಂದು ನಿಂತಿತು.

ಕೆಳಗಿಳಿದು ಬಂದು, "ಬಂದ್ರು ಅತ್ತೆ" ಎಂದೆ.

"ತಾನೇ ಬಂತಾ? ಕೈ ಹಾಕಲಿಲ್ಲ ತಾನೇ?"

"ಇಲ್ಲ. ತಾನೇ ಬಂತು."

ಅತ್ತೆ ಉಸಿರು ಬಿಟ್ಟಳು. ಗಂಡಸರ ಕಡೆ ತಿರುಗಿ, "ಸರಿ, ಎತ್ತಿ" ಎಂದಳು.