ಯಾವ ಆಟ ಅದು?

ತೊಂಬತ್ತರ ದಶಕದಲ್ಲಿ ನಾನು ಟೊರಾಂಟೊದ ಆಫೀಸೊಂದರಲ್ಲಿ, ಹಳೆಯ ಇಂಗ್ಲಿಷ್ ಊರುಗಳ ನಾಟಕ, ಕುಣಿತಗಳ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಹುಬ್ಬಳ್ಳಿಯಿಂದ ಟೊರಾಂಟೊ ಪಕ್ಕದ ಊರಾದ ವಾನ್‌ನ ನಮ್ಮ ಮನೆಗೆ ಬಂದಿದ್ದ ಅತ್ತೆಗೆ, "ಹಳೇ ಆಟದ ಲೆಕ್ಕ ಬರೀತೇನ್ರಿ" ಎಂದಿದ್ದೇ ತಪ್ಪಾಯಿತು. ಮಟ್ಕಾ ಎಂದುಕೊಂಡರು. ನನಗೆ ಫೋನು ಬಂದಾಗಲೆಲ್ಲ ಟಿವಿ ಸದ್ದು ತಗ್ಗಿಸಿ ಕಿವಿಗೊಡುತ್ತಿದ್ದರು.

"ಯಾವ ಆಟ ಅದು?"

"ನಾಟಕ ರೀ, ಅತ್ತಿ."

"ನಾಟಕಕ್ಕ ಲೆಕ್ಕ ಯಾಕ ಬೇಕು?"

ನನಗೆ ಮೈ ಉರಿಯಿತು. ಮರುದಿನ ಆಫೀಸಿನಲ್ಲಿ ಒಂದು ಸಾಲು ಸಿಕ್ಕಿತು: ಚರ್ಚಿನ ಅಂಗಳದಲ್ಲಿ 'ಪ್ಲೇ' ಆಡಿದವರಿಗೆ ದಂಡ. ನಾಟಕವೋ ಜೂಜೋ ಎಂದು ಹಿರಿಯ ಸಂಪಾದಕರನ್ನು ಕೇಳಿದೆ. ಆ ಪದ ಎರಡಕ್ಕೂ ಸಲ್ಲುತ್ತದೆ, ಹೇಳಲಾಗದು ಎಂದರು.

ಸಂಜೆ ಅತ್ತೆ ಬಾಗಿಲಲ್ಲೇ ನಿಂತು ಮತ್ತೆ ಅದನ್ನೇ ಕೇಳಿದರು. ನಾನು ಬೂಟು ಬಿಚ್ಚುತ್ತ ಸುಮ್ಮನಿದ್ದೆ. ಅವರಿಗೆ ಅಷ್ಟೇ ಸಾಕಾಯಿತು.