ಧ್ರುವದ ಬೆಳಕಿನ ಒಗಟು, ಅಣ್ಣನ ಕಣ್ಣು

ನಿನ್ನೆ ಶಾಲೆಯ ಪ್ರಯೋಗಾಲಯದ ಕಪಾಟು ತೆಗೆದಾಗ ಚಾರ್ಟುಗಳ ನಡುವಿನಿಂದ ಒಂದು ಕರಿ ರಟ್ಟು ಜಾರಿ ಬಿತ್ತು. ಅದರ ತುಂಬ ಹಸಿರು ಚುಕ್ಕಿ, ನಡುವೆ ಅಲ್ಲಲ್ಲಿ ಕೆಂಪು ಚುಕ್ಕಿ. ನಾನೇ ಎರಡು ಸಂಜೆ ಕೂತು ಬಿಡಿಸಿದ್ದು. ಅದನ್ನು ಕಂಡಕೂಡಲೇ ಮಗುಚಿ ಇಟ್ಟೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಾನು ಬಳ್ಳಾರಿಯ ಗಾಂಧಿನಗರದಲ್ಲಿ ಇರುವವಳು, ವಿಜ್ಞಾನದ ಟೀಚರು. ‘ಬೆಳಕು’ ಪಾಠವನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸಬಲ್ಲೆ ಎಂಬ ಜಂಬ ಬೇರೆ. ಹೋದ ವರ್ಷ ಮಕ್ಕಳಿಗಾಗಿ ಒಂದು ನಿಧಿ ಹುಡುಕುವ ಆಟ ಕಟ್ಟಿದೆ. ಉತ್ತರ ಧ್ರುವದ ಕಡೆ ಆಕಾಶದಲ್ಲಿ ಪರದೆ ಇಳಿಬಿಟ್ಟ ಹಾಗೆ ಹಸಿರು, ಕೆಂಪು ಬೆಳಕು ಆಡುತ್ತದಲ್ಲ, ಅದರ ಮೇಲೆ ಒಗಟುಗಳು. ಒಂದನ್ನು ಬಿಡಿಸಿದರೆ ಮುಂದಿನದು ಅಡಗಿರುವ ಜಾಗ ತಿಳಿಯಬೇಕು. ಬಳ್ಳಾರಿಯ ಬಿಸಿಲಿನಲ್ಲಿ ಬೆವರೊರೆಸುತ್ತ ಹಿಮದ ನಾಡನ್ನು ನೆನೆಯುವುದೂ ಒಂದು ಸುಖವೇ. ಶಾಲೆಗೆ ಒಯ್ಯುವ ಮೊದಲು ಮನೆಯವರ ಮೇಲೆ ಪ್ರಯೋಗ ಮಾಡೋಣವೆಂದು ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ಕುರುಗೋಡಿಗೆ, ಅಣ್ಣನ ಮನೆಗೆ ಹೋದೆ.

ಅಪ್ಪ ಇರುವುದು ನನ್ನ ಜೊತೆ. ಮಗನ ಮನೆಯಲ್ಲಿ ಯಾಕಿಲ್ಲ ಎಂದು ಕೇಳಿದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಆಗ ನಾವು ಸಿರುಗುಪ್ಪದಲ್ಲಿದ್ದೆವು. ಅಪ್ಪ ಅಲ್ಲಿ ಅಕ್ಕಿ ಗಿರಣಿಯ ಗುಮಾಸ್ತ. ಮಗ ರೈಲಿನ ಇಂಜಿನ್ ಓಡಿಸಬೇಕೆಂಬುದು ಅವನ ದೊಡ್ಡ ಆಸೆ. ಅಣ್ಣ ರೈಲ್ವೆ ಪರೀಕ್ಷೆ ಪಾಸಾದ ದಿನ ಅಪ್ಪ ಗಿರಣಿಯ ಹಮಾಲರಿಗೆಲ್ಲ ಪೇಡೆ ಹಂಚಿದ್ದ. ಹದಿನೈದು ದಿನಕ್ಕೆ ಅಣ್ಣ, ನನಗೆ ಆ ನೌಕರಿ ಬೇಡ, ಬಿಟ್ಟು ಬಂದೆ ಎಂದುಬಿಟ್ಟ. ಕಾರಣ ಕೇಳಿದರೆ ಗೋಡೆ ನೋಡುತ್ತಿದ್ದ. ಮೈಗಳ್ಳ ಎಂದು ಅಪ್ಪ ಊರಿಗೆಲ್ಲ ಹೇಳಿದ. ಆಮೇಲೆ ಅಣ್ಣ ಕುರುಗೋಡಿನಲ್ಲಿ ಮನೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ ಹಾಕಿದ, ಸಂಸಾರ ಹೂಡಿದ. ಅಪ್ಪ ಮಾತ್ರ ಅವನೊಂದಿಗೆ ‘ಹೂಂ’, ‘ಉಹೂಂ’ಗಳ ಆಚೆ ಮಾತಾಡಲಿಲ್ಲ. ನಾನೂ ಅಪ್ಪನ ಪಕ್ಷವೇ.

ಆಟದಲ್ಲಾದರೂ ಮಾತಾಡಲಿ ಎಂದು ಅವತ್ತು ಇಬ್ಬರನ್ನೂ ಬೇಕೆಂದೇ ಜೋಡಿ ಮಾಡಿದೆ. ಮೊದಲ ಒಗಟು ಆಕಾಶಕ್ಕೆ ಹಸಿರು ಬಳಿಯುವುದು ಯಾವುದು ಎಂಬುದು. ಗಾಳಿ ಎಂದು ಅಪ್ಪ ಹೇಳಿದ, ಫ್ಯಾನಿನ ಹಿಂದೆ ಎರಡನೆಯ ಚೀಟಿ ಸಿಕ್ಕಿತು. ಆ ಬೆಳಕನ್ನು ಧ್ರುವಕ್ಕೆ ಎಳೆಯುವ ಶಕ್ತಿಯ ಒಗಟಿಗೆ ಅಣ್ಣ ನಕ್ಕು, ಕಾಳಿನೊಳಗಿನ ಕಬ್ಬಿಣದ ಚೂರು ಹಿಡಿಯಲು ಗಿರಣಿಗೆ ಹಾಕಿದ ಅಯಸ್ಕಾಂತದ ಹತ್ತಿರ ಹೋದ. ಅಪ್ಪ ಅವನ ಹಿಂದೆಯೇ ಹೋದ. ನನಗೆ ಒಳಗೊಳಗೇ ಗೆದ್ದ ಖುಷಿ.

ಅಲ್ಲಿತ್ತು ಈ ರಟ್ಟು. ಹಸಿರು ಚುಕ್ಕಿಗಳ ಪರದೆಯಲ್ಲಿ ಕೆಂಪು ಚುಕ್ಕಿಗಳಿಂದ, ನಿಧಿ ಅಡಗಿರುವ ಜಾಗವಾದ ‘ಚೀಲ’ ಎಂದು ಬರೆದಿದ್ದೆ. ಪೊರೆ ತೆಗೆಸಿದ ಕಣ್ಣಿನ ಅಪ್ಪ ಕೂಡಲೇ ಓದಿದ. ಅಣ್ಣ ರಟ್ಟನ್ನು ತಿರುಗಿಸಿದ, ಬೆಳಕಿಗೆ ಹಿಡಿದ.

“ಎಲ್ಲೈತಿ? ಬರೇ ಚುಕ್ಕಿ ಅದಾವಲ್ಲ,” ಅಂದ.

ಚೇಷ್ಟೆ ಮಾಡುತ್ತಿದ್ದಾನೆ ಎಂದು ಅಪ್ಪ ಸಿಟ್ಟಾದ. ಇವನಿಗೆ ಮೊದಲಿನಿಂದಲೂ ಎಲ್ಲವೂ ಹುಡುಗಾಟ ಎಂದು ಗೊಣಗುತ್ತ ಹೊರಟ. ನನಗೆ ಮಾತ್ರ ಟೊಮೆಟೊ ಹಣ್ಣಾಗಿದೆಯೋ ಇಲ್ಲವೋ ಎಂದು ಚಿಕ್ಕಂದಿನಿಂದ ಒತ್ತಿ ಒತ್ತಿ ನೋಡುತ್ತಿದ್ದ ಅಣ್ಣ ಕಣ್ಣ ಮುಂದೆ ಬಂದ. ನಿನಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲವೇ ಎಂದು ಕೇಳಿದೆ. ಅವನು ರಟ್ಟನ್ನು ನನ್ನ ಕೈಗೆ ಕೊಟ್ಟ.

“ರೈಲ್ವೆ ಡಾಕ್ಟರೂ ಹಿಂಗಾ ಒಂದು ಪುಸ್ತಕ ತೋರಿಸಿದ್ರು,” ಅಂದ. “ಅದರಾಗೂ ನನಗ ಏನೂ ಕಾಣಲಿಲ್ಲ. ಸಿಗ್ನಲ್ ಬಣ್ಣ ತಿಳಿಯದವಗ ಇಂಜಿನ್ ಕೊಡಂಗಿಲ್ಲ ಅಂದ್ರು.”

ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಯಾಕೆ ಹೇಳಲಿಲ್ಲ ಎಂದು ಕೇಳಿದವಳು ನಾನು. ಕೇಳಬಾರದಿತ್ತೋ ಏನೋ.

“ಆವಾಗ ನಿನ್ನ ನೋಡಾಕ ಬಂದು ಹೋಗಿದ್ರು. ಮನಿತನದಾಗ ಕಣ್ಣಿನ ಐಬು ಐತಿ ಅಂತ ಸುದ್ದಿ ಆದ್ರ ಸಂಬಂಧ ಮುರೀತಿತ್ತು,” ಅಂದ. “ಮದಿವಿ ಆದಮ್ಯಾಗ ಹೇಳೋಣ ಅಂದ್ಕೊಂಡೆ. ಅಷ್ಟೊತ್ತಿಗೆ ಅಪ್ಪ ಎಲ್ಲಾರ ಮುಂದ ಮೈಗಳ್ಳ ಅಂತ ಹೇಳಿಬಿಟ್ಟಿದ್ದ.”

ಆಟ ಅಲ್ಲಿಗೇ ನಿಂತಿತು. ಚೀಲದಲ್ಲಿಟ್ಟಿದ್ದ ನಿಧಿಯನ್ನು ಯಾರೂ ತೆಗೆಯಲಿಲ್ಲ. ನನ್ನ ಮದುವೆಯಲ್ಲಿ ಬೀಗರ ಕಾಲಿಗೆ ನೀರು ಕೊಡುತ್ತ ಓಡಾಡುತ್ತಿದ್ದ ಅಣ್ಣನಿಗೆ, ಒಂದು ದುಡಿಮೆ ಹಿಡಿದು ತೋರಿಸು ಎಂದು ನಾನೇ ಚುಚ್ಚಿದ್ದೆ. ಅವನು ಸುಮ್ಮನೆ ನಕ್ಕಿದ್ದ.

ಅಪ್ಪ ಅವತ್ತು ಊಟ ಮಾಡಲಿಲ್ಲ. ಮರುದಿನ ಎದ್ದವನೇ ಸಿರುಗುಪ್ಪಕ್ಕೆ ಹೋಗಬೇಕೆಂದ. ನಾನೂ ಜೊತೆಗೆ ಹೋದೆ. ಹಳೆಯ ಗಿರಣಿಯ ಕಟ್ಟೆಯ ಮೇಲೆ ಅವನ ವಾರಿಗೆಯವರು ಮೂವರು ಕೂತಿದ್ದರು. ಅಪ್ಪ ಕೂರಲೂ ಇಲ್ಲ.

“ನನ್ನ ಮಗನ ಬಗ್ಗೆ ನಿಮ್ಮ ಮುಂದ ನಾ ಆಡಿದ್ದೆಲ್ಲಾ ತಪ್ಪು,” ಅಂದ. “ಅವ ಮೈಗಳ್ಳ ಅಲ್ಲ.”

ಅವರಲ್ಲಿ ಒಬ್ಬರಿಗೆ ಯಾವ ವಿಷಯವೆಂದೇ ನೆನಪಿರಲಿಲ್ಲ. ಅಪ್ಪ ಮೊದಲಿನಿಂದ ಎಲ್ಲವನ್ನೂ ಬಿಡಿಸಿ ಹೇಳಿದ. ಇನ್ನೂ ನಾಲ್ಕು ಮನೆಗೆ ಹೋಗಿ ಹಾಗೆಯೇ ಹೇಳಿದ. ಮರಳುವಾಗ ಬಸ್ಸು ಬಳ್ಳಾರಿಗೆ ಬಂದರೂ ಇಳಿದು ಮನೆಗೆ ಬರಲಿಲ್ಲ. ಕುರುಗೋಡಿನ ಬಸ್ಸು ಹತ್ತಿದ. ಅವನ ಬಟ್ಟೆಬರೆಯನ್ನು ನಾನು ಆಮೇಲೆ ಕಳಿಸಿದೆ.

ಆಟವನ್ನು ಶಾಲೆಯಲ್ಲಿ ಆಡಿಸಿದೆ, ಆದರೆ ಮೊದಲು ಎಲ್ಲ ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಿ, ರಟ್ಟಿನ ಒಗಟನ್ನು ಬದಲಿಸಿದ ಮೇಲೆ. ನಮ್ಮ ಮದುವೆಗಾಗಿ ಅಣ್ಣ ಮುಚ್ಚಿಟ್ಟಿದ್ದನ್ನು ಗಂಡನಿಗೆ ಹೇಳಲು ಮಾತ್ರ ಒಂದು ವಾರ ಬೇಕಾಯಿತು. ಅವರು, ನಿಮ್ಮಣ್ಣನನ್ನು ಹಬ್ಬಕ್ಕೆ ಕರೆ ಎಂದರು.

ಇವತ್ತು ಮಧ್ಯಾಹ್ನ ಅಣ್ಣನ ವಿಡಿಯೊ ಕಾಲ್ ಬಂತು. ಬಟ್ಟೆ ಅಂಗಡಿಯಲ್ಲಿ ಅತ್ತಿಗೆಗೆ ತಿಳಿಯದಂತೆ ಸೀರೆ ಆರಿಸುತ್ತಿದ್ದ. ಅಂಗಡಿಯವನು ಎದುರಿಗೇ ನಿಂತಿದ್ದ. ಅಣ್ಣ ದನಿ ತಗ್ಗಿಸದೆ ಕೇಳಿದ:

“ತಂಗಿ, ಇದು ಯಾವ ಬಣ್ಣ? ನನಗ ತಿಳಿಯಂಗಿಲ್ಲ, ನೋಡಿ ಹೇಳು.”